ಸಕ್ಕರೆ ಕಟ್ಟಿದ ಜೇನು

ನಾನು ಅಪ್ಪಟ ಜೇನುತುಪ್ಪ ಮಾರಿದ ಮನೆಯ ಹೆಂಗಸು. ಆದ್ದರಿಂದ ನನ್ನ ಮಾತನ್ನು ಯಾರೂ ಬೇಗ ನಂಬುವುದಿಲ್ಲ. ಬದನೆಕಾಯಿ ಮಾರುವವಳು ಇದು ಬದನೆಕಾಯಿಯೇ ಎಂದು ಆಣೆ ಮಾಡಬೇಕಾಗಿಲ್ಲ. ಹಾಲು ಮಾರುವವಳ ಮೇಲೆ ನೀರಿನ ಅನುಮಾನವಿದ್ದರೂ ಗಡಿಗೆಯಲ್ಲಿ ಸ್ವಲ್ಪವಾದರೂ ಹಾಲಿದೆ ಎಂದು ಜನ ಒಪ್ಪುತ್ತಾರೆ. ಜೇನು ಮಾರುವವರಿಗೆ ಅಷ್ಟು ಮರ್ಯಾದೆಯೂ ಇಲ್ಲ. ನಮ್ಮ ಅಂಗಡಿಯಲ್ಲಿ ಬರಣಿಯ ಮುಂದೆ ನಿಂತವರು ಮೊದಲು ಕೇಳುತ್ತಿದ್ದುದು ಬೆಲೆಯನ್ನಲ್ಲ, "ಖರೇ ಜೇನ ಏನ್ರಿ ಇದು?" ಎಂದು. ಹೌದು ಎಂದರೆ ನಗುತ್ತಿದ್ದರು. ಒಂದು ದಿನ ಬೇಸರ ಹತ್ತಿ ಒಬ್ಬ ಮುದುಕರಿಗೆ, "ಇಲ್ರಿ, ಸುಳ್ಳ ಜೇನ" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ, "ಒಬ್ಬಾಕಿಯರ ಇದ್ದದ್ದ ಇದ್ಹಂಗ ಹೇಳತಾಳ ನೋಡು" ಎಂದು ಎರಡು ಬಾಟಲಿ ಕೊಂಡು ಹೋದರು. ಅಂದಿನಿಂದ ಈ ವ್ಯಾಪಾರದ ಬಗ್ಗೆ ನನಗಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು.

ಈ ಉದ್ಯೋಗ ನಮ್ಮ ಮನೆ ಹೊಕ್ಕದ್ದು ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ. ನಾವು ಕರಜಗಿಯವರು. ಮಾವನವರು ತೀರಿಕೊಂಡಾಗ ಒಂದಿಷ್ಟು ಹೊಲ, ಒಂದು ಕಿರಾಣಿ ಅಂಗಡಿ, ತಾಯಿ ಮತ್ತು ಮದುವೆಗೆ ಬಂದ ತಂಗಿ ಗಂಗವ್ವ ನಮ್ಮ ಯಜಮಾನರ ಪಾಲಿಗೆ ಬಂದಿದ್ದರು. ಆ ವರ್ಷ ಗ್ರಾಮೋದ್ಯೋಗದ ಸಾಹೇಬರೊಬ್ಬರು ಚಾವಡಿಯ ಮುಂದೆ ನಿಂತು ಜೇನುಸಾಕಣೆಯ ಬಗ್ಗೆ ಮರಾಠಿಯಲ್ಲಿ ಭಾಷಣ ಮಾಡಿದರು. ಊರೆಲ್ಲ ಕೇಳಿ, ಚಹಾ ಕುಡಿದು, ಮನೆಗೆ ಹೋಯಿತು. ನಮ್ಮ ಯಜಮಾನರೊಬ್ಬರೇ ತರಬೇತಿಗೆ ಹೋದರು. ಘಟ್ಟದ ಕಡೆ ಎರಡು ತಿಂಗಳಿದ್ದು ನಾಲ್ಕು ಕಟ್ಟಿಗೆಯ ಪೆಟ್ಟಿಗೆ, ಮುಖಕ್ಕೆ ಕಟ್ಟಿಕೊಳ್ಳುವ ಜಾಳಿಗೆ, ಹೊಗೆ ಊದುವ ಒಂದು ಡಬ್ಬಿ, ಮರಾಠಿಯ ಒಂದು ಪುಸ್ತಿಕೆ ತೆಗೆದುಕೊಂಡು ಬಂದರು. ಪೆಟ್ಟಿಗೆಗಳಲ್ಲಿ ಹುಳಗಳಿದ್ದವು. ಹೋಗುವಾಗ ನನಗೆ ತರುತ್ತೇನೆ ಎಂದಿದ್ದ ಸೀರೆ ಮಾತ್ರ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ.

ಪೆಟ್ಟಿಗೆಗಳನ್ನು ಹಿತ್ತಲಿನ ಬೇವಿನ ಗಿಡದ ಕೆಳಗೆ ಇಟ್ಟರು. ಮುಂದೆ ನಮ್ಮದೇ ಗುರೆಳ್ಳಿನ ಹೊಲ, ಅದರಾಚೆ ಕುಸುಬಿ. ಹೂವಿದ್ದಷ್ಟು ದಿನ ಹುಳಗಳು ತಮ್ಮ ಪಾಡಿಗೆ ತಾವಿದ್ದವು. ಬೇಸಿಗೆ ಬಂದಾಗ ಅವಕ್ಕೆ ನೀರು ಬೇಕಾಯಿತು. ನಮ್ಮ ಹಿತ್ತಲಿನ ನೀರಿನ ಬಾನಿಯ ಅಂಚಿನ ಸುತ್ತ ಒಂದರ ಪಕ್ಕ ಒಂದು ಕುಳಿತು ಕುಡಿಯತೊಡಗಿದವು. ಕೈಕಾಲು ತೊಳೆಯಲು ಹೋದವರು ತೊಳೆಯದೆ ವಾಪಸು ಬರುತ್ತಿದ್ದರು. ನಮ್ಮ ಅತ್ತೆಯವರು ಬಾನಿಯಿಂದ ನಾಲ್ಕು ಮಾರು ದೂರ ನಿಂತು, ಬೀಗರ ಪಂಕ್ತಿ ಏಳುವುದನ್ನು ಕಾಯುವಂತೆ, ಹುಳಗಳ ನೀರು ಕುಡಿಯುವುದು ಮುಗಿಯಲಿ ಎಂದು ಕಾಯುತ್ತಿದ್ದರು. ಅದು ಮುಗಿಯುತ್ತಿರಲಿಲ್ಲ. ಕೊನೆಗೆ ಯಜಮಾನರು ಪರಾತದಲ್ಲಿ ಸಣ್ಣ ಕಲ್ಲುಗಳನ್ನು ಹರಡಿ, ನೀರು ಹಾಕಿ, ಹುಳಗಳಿಗೆ ಬೇರೆ ವ್ಯವಸ್ಥೆ ಮಾಡಿದರು. ಆ ಪರಾತ ನನ್ನ ತವರಿನಿಂದ ಬಂದದ್ದು. ಅದರಲ್ಲಿ ಮತ್ತೆ ಹಿಟ್ಟು ನಾದಲಿಲ್ಲ.

ಹೂವಿಲ್ಲದ ದಿನಗಳಲ್ಲಿ ಹುಳಗಳು ಹಸಿವೆಯಿಂದ ಸಾಯಬಾರದೆಂದು ಅವಕ್ಕೆ ಸಕ್ಕರೆ ನೀರು ಇಡಬೇಕೆಂದು ಪುಸ್ತಿಕೆಯಲ್ಲಿ ಬರೆದಿತ್ತು. ಆ ದಿನಗಳಲ್ಲಿ ಪೆಟ್ಟಿಗೆಯಿಂದ ಜೇನು ತೆಗೆಯಬಾರದೆಂದೂ ಬರೆದಿತ್ತು, ನಾವು ತೆಗೆಯುತ್ತಲೂ ಇರಲಿಲ್ಲ. ಆದರೆ ಸಕ್ಕರೆ ರೇಶನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು. ಸಿಕ್ಕಷ್ಟು ಸಕ್ಕರೆ ಹುಳಗಳಿಗೆ ಹೋಯಿತು, ಮನೆಗೆ ಬಂದ ನೆಂಟರಿಗೆ ಬೆಲ್ಲದ ಚಹಾ ಆಯಿತು. ನನ್ನ ತವರಿನ ಅಣ್ಣ ಬಿಜಾಪುರದಿಂದ ಬಂದು ಆ ಚಹಾ ಕುಡಿದ. ಹೋಗುವಾಗ, "ಹುಳಾ ಆಗಿ ಹುಟ್ಟಿದ್ರ ಚಲೋ ಇತ್ತ ಬಿಡು" ಎಂದ. ಇದಕ್ಕಿಂತ ಕೆಟ್ಟದ್ದು ಮುಂದೆ ಆಯಿತು. ಗಂಗವ್ವ ಪೆಟ್ಟಿಗೆಯೊಳಗೆ ಸಕ್ಕರೆ ನೀರಿನ ಬಟ್ಟಲು ಇಡುವುದನ್ನು ಪಕ್ಕದ ಮನೆಯವಳು ನೋಡಿದಳು. ಸಂಜೆಯಾಗುವುದರೊಳಗೆ ನಾವು ಜೇನಿಗೆ ಸಕ್ಕರೆ ಹಾಕುತ್ತೇವೆಂಬ ಸುದ್ದಿ ಊರಲ್ಲಿ ಒಂದು ಸುತ್ತು ಹಾಕಿ ನಮ್ಮ ಅಂಗಡಿಗೇ ಬಂತು. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲವಾದ್ದರಿಂದ ಇಲ್ಲವೆನ್ನಲೂ ಬರುವಂತಿರಲಿಲ್ಲ.

ಕೆಲಸವನ್ನು ನಾವು ಹಂಚಿಕೊಂಡಿದ್ದೆವು. ಹೆಸರಿಗೆ ಜೇನುಗಾರರು ನಮ್ಮ ಯಜಮಾನರು. ಜಾಳಿಗೆ ಕಟ್ಟಿಕೊಂಡು, ಹೊಗೆ ಊದುತ್ತ, ಪುಸ್ತಿಕೆಯನ್ನು ಬೇವಿನ ಬೊಡ್ಡೆಗೆ ಆನಿಸಿಟ್ಟು, ಪುಟ ನೋಡಿ ಪೆಟ್ಟಿಗೆ ತೆರೆಯುತ್ತಿದ್ದರು, ಆದರೂ ಕಚ್ಚಿಸಿಕೊಳ್ಳುತ್ತಿದ್ದರು. ಗಂಗವ್ವ ಸೆರಗು ಸಿಕ್ಕಿಸಿ, ಬರಿಗೈಯಲ್ಲಿ, ಹಾಸಿಗೆ ಝಾಡಿಸುವಷ್ಟು ಸಲೀಸಾಗಿ ಜೇನುತಟ್ಟಿ ಎತ್ತಿ ನೋಡುತ್ತಿದ್ದಳು. ಅವಳನ್ನು ಒಂದು ಹುಳವೂ ಕಚ್ಚಲಿಲ್ಲ. ಅತ್ತೆಯವರದು ಅಂಗಡಿಯಲ್ಲಿ ಮಾರಾಟ. ನಾನು ನಾಲ್ಕನೆಯ ಇಯತ್ತೆ ಪಾಸಾದವಳು, ಅಕ್ಷರ ದುಂಡಗಿದ್ದವು. ಜೇನು ಸೋಸಿ, ಬಾಟಲಿಗೆ ತುಂಬಿ, 'ಶುದ್ಧ ಜೇನುತುಪ್ಪ' ಎಂದು ಚೀಟಿ ಬರೆದು ಅಂಟಿಸುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ಓದುಬರಹ ಬಲ್ಲ ಹೆಂಗಸು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಮುಂದೆ ಆದದ್ದಕ್ಕೆಲ್ಲ ಆ ಜಂಬವೇ ಕಾರಣ.

ಗಂಗವ್ವನಿಗೆ ತಿಕೋಂಡಿಯಿಂದ ಒಂದು ಸಂಬಂಧ ಬಂತು. ಹುಡುಗ ಜತ್ತದ ಕಚೇರಿಯಲ್ಲಿ ಕಾರಕೂನ. ಅವನ ತಂದೆ ವೈದ್ಯರು, ಮೆತ್ತಗಿನ ಮನುಷ್ಯ, ಸುತ್ತಿನ ಹಳ್ಳಿಗಳಿಗೆಲ್ಲ ಔಷಧ ಅರೆದು ಕೊಡುವವರು. ಅವರ ಔಷಧಗಳಲ್ಲಿ ಅರ್ಧಕ್ಕರ್ಧ ಜೇನಿನಲ್ಲಿ ಕಲಸಿ ನೆಕ್ಕುವಂಥವು. ಜೇನಿನ ಮನೆಯ ಹೆಣ್ಣು ಎಂದು ಕೇಳಿಯೇ ಅವರು ಸಂತೋಷಪಟ್ಟಿದ್ದರು. ಆದರೆ ಆ ಮನೆಯಲ್ಲಿ ಮಾತು ನಡೆಯುತ್ತಿದ್ದುದು ಅವರ ಅಕ್ಕ ಪಾರ್ವತವ್ವನವರದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಮ್ಮನನ್ನೂ ತಮ್ಮನ ಮಗನನ್ನೂ ಬೆಳೆಸಿ ದೊಡ್ಡವರನ್ನು ಮಾಡಿದ ಹೆಂಗಸು. ದೀಪಾವಳಿಯ ಹೊತ್ತಿಗೆ ಹುಡುಗನನ್ನು ಕರೆದುಕೊಂಡು ಬಂದು ಹುಡುಗಿಯನ್ನು ನೋಡಿ, ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಒಪ್ಪಿದರು. ಹೋಗುವಾಗ ಅತ್ತೆಯವರಿಗೆ, "ನಿಮ್ಮ ಮನಿ ಜೇನ ಒಂದ ಬರಣಿ ಕಳಸ್ರಿ ಬೀಗತಿ, ನೋಡೂಣು" ಎಂದರು. ಆಗಲೇ ಬೀಗತಿ ಎಂದರಲ್ಲ ಎಂದು ಅತ್ತೆಯವರು ಎರಡು ದಿನ ಆ ಮಾತನ್ನೇ ಹೇಳಿಕೊಂಡು ಓಡಾಡಿದರು.

ಗುರೆಳ್ಳಿನ ಹೂವಿನ ಜೇನು ಆಗಷ್ಟೇ ತೆಗೆದಿತ್ತು. ಇದ್ದುದರಲ್ಲೇ ಚಂದದ ಗಾಜಿನ ಬರಣಿ ಆರಿಸಿ, ತುಂಬಿ, ಚೀಟಿ ಅಂಟಿಸಿ ಕಳಿಸಿದೆವು. ಅಷ್ಟರಲ್ಲಿ ಚಳಿ ಬಿತ್ತು. ಗುರೆಳ್ಳಿನ ಜೇನಿಗೆ ಚಳಿ ಬಡಿದರೆ ಅದು ಹರಳುಗಟ್ಟಿ, ಬೆಳ್ಳಗೆ, ತುಪ್ಪದಂತೆ ಗಟ್ಟಿಯಾಗುತ್ತದೆ. ಅದು ಅದರ ಗುಣ. ಬರಣಿ ಹದಿನೈದು ದಿನಕ್ಕೆ ಒಂದು ಚಕ್ಕಡಿಯಲ್ಲಿ ವಾಪಸು ಬಂತು. ಚಕ್ಕಡಿ ಹೊಡೆಯುವವನು ಪಾರ್ವತವ್ವನವರ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಜೇನ ಕಳಸ್ರಿ ಅಂದ್ರ ಸಕ್ರಿ ಕಳಸೀರಿ. ಸಕ್ರಿ ನಮ್ಮ ಮನ್ಯಾಗೂ ಐತಿ. ಜೇನಿನ್ಯಾಗ ಹಿಂಗ ಮಾಡಾವ್ರು ಹುಡಗಿ ವಿಚಾರದಾಗ ಏನೇನ ಮುಚ್ಚಿಟ್ಟೀರೋ ಏನೋ, ಇನ್ನೊಮ್ಮೆ ಇಚಾರ ಮಾಡತೀವಿ."

ಅತ್ತೆಯವರು ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿಬಿಟ್ಟರು. ಗಂಗವ್ವ ಹಿತ್ತಲಿಗೆ ಹೋಗಿ ಪೆಟ್ಟಿಗೆಗಳ ಹತ್ತಿರ ಕುಳಿತಳು. ಅವಳು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹತ್ತಿರ ಹೋದರೆ, "ಹುಡಗ ಹ್ಯಾಂಗರ ಇರಲಿ ವೈನಿ, ನಮ್ಮ ಜೇನಿಗೆ ಸುಳ್ಳ ಅಂದ್ರಲ್ಲ" ಎಂದಳು. ಆದರೆ ಹುಡುಗ ಹೇಗಿದ್ದಾನೆಂದು ಅವಳು ಬಾಗಿಲ ಸಂದಿಯಿಂದ ಮೂರು ಸಲ ನೋಡಿದ್ದು ನನಗೆ ಗೊತ್ತಿತ್ತು. ಯಜಮಾನರಿಗೆ ಸಿಟ್ಟು ಬಂತು. ಅವರ ಸಿಟ್ಟು ಪುಸ್ತಿಕೆ ಓದುವ ರೂಪದಲ್ಲಿ ಬರುತ್ತದೆ. ಜೇನು ಹರಳುಗಟ್ಟುವುದೇ ಶುದ್ಧತೆಯ ಲಕ್ಷಣ ಎಂಬ ಪುಟವನ್ನು ಅಂಗಡಿಗೆ ಬಂದವರಿಗೆಲ್ಲ, ಉಪ್ಪು ಕೇಳಲು ಬಂದವರಿಗೂ, ಓದಿ ಹೇಳಿದರು. ತಿಕೋಂಡಿಗೂ ಹೋಗಿ ಓದಿ ಬರುತ್ತೇನೆ ಎಂದು ಹೊರಟರು. ನಾನು ಅಡ್ಡ ಬಂದೆ. "ಹೆಣ್ಣಿನ ಕಡಿಯಾವ್ರು ಮರಾಠಿ ಪುಸ್ತಕ ಹಿಡಕೊಂಡ ವಾದಾ ಮಾಡಾಕ ಹೋದ್ರ ಲಗ್ನ ಆಗತೈತೇನ್ರಿ? ಸೋಮವಾರ ಎಲ್ಲಾರೂ ಕೂಡಿ ಹೋಗೂಣು. ಬ್ಯಾರೆ ಬರಣಿ ಒಯ್ಯೂಣು" ಎಂದೆ. "ಬ್ಯಾರೆ ಬರಣ್ಯಾಗಿಂದೂ ಹರಳ ಕಟ್ಟೇತಿ" ಎಂದರು. "ಅದನ್ನ ನಾ ನೋಡ್ಕೋತೀನಿ" ಎಂದೆ. ಆ ಮಾತು ಆಡಿದ ಗಳಿಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹರಳುಗಟ್ಟಿದ ಜೇನನ್ನು ತಿಳಿ ಮಾಡುವ ವಿಧಾನ ಅದೇ ಪುಸ್ತಿಕೆಯ ಮುಂದಿನ ಪುಟದಲ್ಲಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಬರಣಿಯನ್ನು ಇಟ್ಟು ಸಾವಕಾಶ ಕರಗಿಸಬೇಕು. ನನಗೆ ಮರಾಠಿ ಆಡಲು ಬರುತ್ತಿತ್ತು, ಓದುವಾಗ ಒಂದೆರಡು ಶಬ್ದ ಹಾರಿಸುತ್ತಿದ್ದೆ. ಅವತ್ತು ಹಾರಿಸಿದ್ದು ನೀರು ಎಂಬ ಶಬ್ದವನ್ನು. ಭಾನುವಾರ ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಜೇನನ್ನು ಪಾತೇಲಿಗೆ ಸುರಿದು ನೇರವಾಗಿ ಒಲೆಯ ಮೇಲಿಟ್ಟೆ. ಚಂದಾಗಿ ಕರಗಿತು. ಅಷ್ಟರಲ್ಲಿ ಅಂಗಡಿಯ ಮುಂದೆ ಯಾರೋ ಎಣ್ಣೆ ಕೇಳಿದರು. ಎಣ್ಣೆ ಅಳೆದು, ಅವರ ಸೊಸೆಯ ಬಾಣಂತನದ ಸುದ್ದಿ ಕೇಳಿ ಒಳಗೆ ಬರುವಷ್ಟರಲ್ಲಿ ಪಾತೇಲಿಯ ತುಂಬ ನೊರೆ ಉಕ್ಕುತ್ತಿತ್ತು. ಇಳಿಸಿ ನೋಡಿದರೆ ಹೊನ್ನಿನ ಬಣ್ಣದ ಜೇನು ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು. ಮನೆಯೆಲ್ಲ ಆಲೆಮನೆಯ ವಾಸನೆ. ನಾಲಿಗೆಗೆ ಹಚ್ಚಿದೆ. ಬೆಲ್ಲದ ಪಾಕ ಸ್ವಲ್ಪ ಸೀದರೆ ಹೇಗಿರುತ್ತದೋ ಹಾಗಿತ್ತು. ವಾಪಸು ಬಂದ ಬರಣಿಯ ಜೇನನ್ನೂ ಅದರಲ್ಲೇ ಸುರಿದಿದ್ದೆ, ಇನ್ನೊಂದು ಬರಣಿ ತುಂಬುವಷ್ಟು ಮನೆಯಲ್ಲಿ ಉಳಿದಿರಲಿಲ್ಲ. ಆ ಕಪ್ಪನೆಯದನ್ನೇ ಬರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, 'ಶುದ್ಧ ಜೇನುತುಪ್ಪ' ಎಂದು ದುಂಡಗೆ ಬರೆದು ಅಂಟಿಸಿದೆ. ಯಾರಿಗೂ ಹೇಳಲಿಲ್ಲ.

ಸೋಮವಾರ ಮುಂಜಾನೆ ಚಕ್ಕಡಿ ಹೂಡಿ ಯಜಮಾನರು, ಅತ್ತೆಯವರು, ನಾನು ತಿಕೋಂಡಿಗೆ ಹೊರಟೆವು. ದಾರಿಯುದ್ದಕ್ಕೂ ಬರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕುಳಿತಿದ್ದೆ. ವೈದ್ಯರ ಪಡಸಾಲೆಯಲ್ಲಿ ಔಷಧಕ್ಕೆ ಬಂದ ನಾಲ್ಕಾರು ಜನರಿದ್ದರು. ಪಾರ್ವತವ್ವನವರು ನಡುವೆ ಕುಳಿತು, "ಬರ್ರಿ, ಕುಂದ್ರಿ. ಈ ಸರ್ತಿ ಏನ ತಂದೀರಿ?" ಎಂದರು. ಬರಣಿ ಹೊರಗೆ ಬಂತು. ಅದನ್ನು ನೋಡಿದ ಯಜಮಾನರ ಬಾಯಿ ತೆರೆಯಿತು. ನಾನು ಅವರ ಕಡೆ ನೋಡಲಿಲ್ಲ.

ಪಾರ್ವತವ್ವನವರ ಪರೀಕ್ಷೆಗಳು ಮೂರು. ಮೊದಲು ತಂಬಿಗೆಯ ನೀರಿಗೆ ಒಂದು ಹನಿ ಬಿಟ್ಟರು. ಅಷ್ಟು ಕುದಿದು ದಪ್ಪಗಾಗಿದ್ದ ಹನಿ ಕಲ್ಲಿನಂತೆ ತಳಕ್ಕೆ ಹೋಗಿ ಕುಳಿತಿತು. "ಹ್ಞೂಂ" ಎಂದರು. ಅರಳೆಯ ಬತ್ತಿಯನ್ನು ಅದ್ದಿ ದೀಪಕ್ಕೆ ಹಿಡಿದರು. ಅದು ಚಟಪಟ ಎನ್ನದೆ ಉರಿಯಿತು. "ಹ್ಞೂಂ" ಎಂದರು. ಮೂರನೆಯದಕ್ಕೆ ಮನೆಯ ನಾಯಿಯನ್ನು ಕರೆದರು. ಖರೇ ಜೇನನ್ನು ನಾಯಿ ಮುಟ್ಟುವುದಿಲ್ಲವಂತೆ. ಮೊದಲ ಬರಣಿಯ ಜೇನನ್ನು ಅದು ನೆಕ್ಕಿ ಬಟ್ಟಲನ್ನೂ ಬೆಳಗಿತ್ತಂತೆ. ಒಂದು ಮನೆತನದ ಮಾನ ನಾಯಿಯ ನಾಲಿಗೆಯ ಮೇಲೆ ನಿಂತಿತ್ತು. ನಾಯಿ ಬಂದು ಮೂಸಿತು, ಹಿಂದೆ ಸರಿಯಿತು, ಒಂದು ಸಲ ಸೀನಿ ಹೊರಗೆ ಹೋಯಿತು. ಸೀದ ವಾಸನೆಯನ್ನು ಯಾವ ನಾಯಿ ತಾನೆ ಇಷ್ಟಪಡುತ್ತದೆ. ಪಡಸಾಲೆಯಲ್ಲಿದ್ದವರೆಲ್ಲ ತಲೆಯಾಡಿಸಿದರು.

ಕೊನೆಗೆ ವೈದ್ಯರು ಬೆರಳ ತುದಿಯಲ್ಲಿ ತೆಗೆದುಕೊಂಡು ನಾಲಿಗೆಗೆ ಹಚ್ಚಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಅತ್ತೆಯವರ ತುಟಿ ಪಂಚಾಕ್ಷರಿ ಜಪಿಸುತ್ತಿತ್ತು. ವೈದ್ಯರು ಕಣ್ಣು ತೆರೆದು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, "ಅಪ್ಪಟ ಐತಿ ಅಕ್ಕಾ" ಎಂದರು. "ಹಂಗಾರ ತಿಂಗಳಿಗೊಂದ ಬರಣಿ ಇಂಥಾದ್ದ ಕಳಸ್ರಿ" ಎಂದು ಪಾರ್ವತವ್ವನವರು ನಮಗೆ ಸಕ್ಕರೆ ಹಾಕಿದ ಚಹಾ ಮಾಡಿಸಿದರು. ಲಗ್ನ ಗಟ್ಟಿಯಾಯಿತು.

ಮರಳಿ ಬರುವಾಗ ಯಜಮಾನರು ಅರ್ಧ ದಾರಿಯವರೆಗೆ ಎತ್ತುಗಳ ಬೆನ್ನು ನೋಡುತ್ತ ಕುಳಿತು, "ಆ ಜೇನ ಯಾವ ಪೆಟಗ್ಯಾಂದು?" ಎಂದು ಕೇಳಿದರು. ಬಾಯಿಗೆ ಬಂದಂತೆ "ಮೂರನೇದ್ದು" ಎಂದೆ. ಮರುದಿನದಿಂದ ಒಂದು ವಾರ ಅವರು ಮೂರನೆಯ ಪೆಟ್ಟಿಗೆಯನ್ನು ತೆರೆದು, ಹುಳಕ್ಕೆ ಏನು ರೋಗ ಬಂದಿದೆ ಎಂದು ಪುಸ್ತಿಕೆ ಹಿಡಿದು ಹುಡುಕಿದರು. ನೆಮ್ಮದಿಯಾಗಿದ್ದ ಹುಳಗಳು ರೇಗಿ ಅವರ ಎಡಗಣ್ಣು ಬಾತುಕೊಳ್ಳುವಂತೆ ಕಚ್ಚಿದವು. ಅರಿಷಿಣ ಹಚ್ಚುವಾಗ ನಿಜ ಹೇಳಿಬಿಡಬೇಕೆಂದುಕೊಂಡೆ. ಕಣ್ಣು ಇಳಿದ ಮೇಲೆ ಹೇಳೋಣವೆಂದು ಬಿಟ್ಟೆ. ಕಣ್ಣು ಇಳಿದ ಮೇಲೆ ಧೈರ್ಯವೂ ಇಳಿಯಿತು.

ಅಲ್ಲಿಂದ ನನ್ನ ವನವಾಸ ಶುರುವಾಯಿತು. ತಿಂಗಳಿಗೊಮ್ಮೆ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿ, ಒಳ್ಳೆಯ ಜೇನನ್ನು ಒಲೆಯ ಮೇಲಿಟ್ಟು ಕೆಡಿಸುತ್ತಿದ್ದೆ. ಕೆಡಿಸುವುದೂ ಸುಲಭವಲ್ಲ. ಒಮ್ಮೆ ಬಣ್ಣ ಕಡಿಮೆಯಾಗುತ್ತಿತ್ತು, ಒಮ್ಮೆ ಕಹಿ ಹತ್ತುತ್ತಿತ್ತು. ಹಿಂದಿನ ತಿಂಗಳ ಹಾಗೆಯೇ ಕೆಡಬೇಕಲ್ಲ. ಪಾತೇಲಿ ತಿಕ್ಕಿ ತಿಕ್ಕಿ ಅಂಗೈ ಸವೆಯಿತು. ಮನೆ ಏಕೆ ಆಲೆಮನೆಯಂತೆ ನಾರುತ್ತದೆ ಎಂದು ಅತ್ತೆಯವರು ಕೇಳಿದಾಗಲೆಲ್ಲ ಹೋಳಿಗೆಯ ಹೂರಣ ಮಾಡುತ್ತಿದ್ದೆ ಎನ್ನುತ್ತಿದ್ದೆ. ಹಾಗೆಂದ ಮೇಲೆ ಹೋಳಿಗೆ ಮಾಡಲೇಬೇಕಾಗುತ್ತಿತ್ತು. ಆ ಎರಡು ವರ್ಷ ನಮ್ಮ ಮನೆಯಲ್ಲಿ ತಿಂದಷ್ಟು ಹೋಳಿಗೆಯನ್ನು ಕರಜಗಿಯಲ್ಲಿ ಯಾರೂ ತಿಂದಿರಲಾರರು.

ಗಂಗವ್ವ ಗಂಡನ ಮನೆಗೆ ಹೋಗುವಾಗ ಬೇರೇನೂ ಕೇಳದೆ ಎರಡು ಪೆಟ್ಟಿಗೆ ಹುಳ ಕೇಳಿ ಒಯ್ದಳು. ಅವಳು ಹೋದ ಮೇಲೆ ನಮ್ಮ ಹಿತ್ತಲಲ್ಲಿ ಉಳಿದ ಹುಳಗಳಿಗೂ ಯಜಮಾನರಿಗೂ ಸರಿಹೋಗಲಿಲ್ಲ, ಅದು ಬೇರೆ ಕತೆ. ತಿಕೋಂಡಿಯಲ್ಲಿ ಪೆಟ್ಟಿಗೆಗಳು ಚೆನ್ನಾಗಿ ಬಂದವು. ಎರಡನೆಯ ವರ್ಷದ ದೀಪಾವಳಿಗೆ ಗಂಗವ್ವ ಪಾರ್ವತವ್ವನವರ ಕಣ್ಣೆದುರಿಗೇ ಜೇನುತಟ್ಟಿ ತೆಗೆದು, ಜೇನು ಹಿಂಡಿ, ಅವರದೇ ಬೆಳ್ಳಿಯ ಬಟ್ಟಲಿಗೆ ಹಾಕಿ ಕೊಟ್ಟಳು. ಅವರು ಅದನ್ನು ದೇವರ ಜಗಲಿಯ ಮೇಲಿಟ್ಟು ತಾವೇ ಬಾಗಿಲು ಮುಚ್ಚಿದರು. ಚಳಿ ಬಿತ್ತು. ಬಟ್ಟಲಿನ ಜೇನು ಬೆಳ್ಳಗೆ ಹರಳುಗಟ್ಟಿತು. ಈಗಲಾದರೂ ಮುದುಕಿಗೆ ತಿಳಿಯುತ್ತದೆ ಎಂದು ಗಂಗವ್ವ ಕಾದಳು. ಪಾರ್ವತವ್ವನವರು ಬಟ್ಟಲನ್ನು ಬೆಳಕಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿ, "ನೋಡವ್ವಾ, ನಿಮ್ಮ ಮನ್ಯಾವ್ರು ಹುಳಕ್ಕೂ ಸಕ್ರಿ ಬೆರಸೂದ ಕಲಿಸ್ಯಾರ" ಎಂದರು. ಪೆಟ್ಟಿಗೆಗಳು ಇನ್ನು ಆ ಮನೆಯಲ್ಲಿ ಇರಬಾರದೆಂದು ಅಪ್ಪಣೆಯಾಯಿತು.

ಅವನ್ನು ಚಕ್ಕಡಿಯಲ್ಲಿ ಹೇರಿಕೊಂಡು ವೈದ್ಯರೇ ಬಂದರು. ಯಜಮಾನರೂ ಅವರೂ ಸೇರಿ ಪೆಟ್ಟಿಗೆಗಳನ್ನು ಬೇವಿನ ಕೆಳಗೆ ಇಳಿಸಿದರು. ನಾನು ನೀರು ತಂದುಕೊಟ್ಟೆ. ವೈದ್ಯರು ಕುಡಿದು, ತಂಬಿಗೆ ಕೆಳಗಿಟ್ಟು, "ತಂಗೀ, ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ. ಕಳಸೂದ ಬಿಡಬ್ಯಾಡ, ಅಕ್ಕಗ ಅದು ಚಪಾತಿ ಕೂಡ ಭಾಳ ಸೇರತೈತಿ. ಆದ್ರ ಅಷ್ಟ ಕಪ್ಪ ಆಗೂತನಕಾ ಸುಡಬ್ಯಾಡವಾ, ಹೊಟ್ಟಿಗೆ ಚಲೋ ಅಲ್ಲ" ಎಂದರು.

"ನಿಮಗ ಯಾವಾಗ ಗೊತ್ತಾತ್ರಿ?" ಎಂದೆ.

"ಅವತ್ತ, ನಾಲಿಗಿ ಮ್ಯಾಲ ಇಟ್ಟ ಕೂಡಲೇ. ಇಷ್ಟ ವರ್ಷ ಔಷಧ ಅರದೇನಿ, ಜೇನ ಗೊತ್ತಾಗೂದಿಲ್ಲೇನು? ಮೊದಲನೇ ಬರಣೀದು ಖರೇ ಅಂತಾನೂ ಗೊತ್ತಿತ್ತು. ಆದ್ರ ನಮ್ಮಕ್ಕಗ ಹಂಗಲ್ಲ ಅಂತ ಹೇಳಿದಾವ್ರು ನಮ್ಮ ಮನ್ಯಾಗ ಇನ್ನೂ ಯಾರೂ ಇಲ್ಲವಾ."

"ಮತ್ತ ಔಷಧಕ್ಕ ಏನ ಮಾಡತೀರಿ?"

ವೈದ್ಯರು ಯಜಮಾನರ ಕಡೆ ನೋಡಿದರು. ಯಜಮಾನರು ಬೇವಿನ ಗಿಡದ ತುದಿ ನೋಡುತ್ತಿದ್ದರು. ಲಗ್ನವಾದ ತಿಂಗಳಿನಿಂದ ವೈದ್ಯರು ಸಂತೆಯ ನೆಪದಲ್ಲಿ ಕರಜಗಿಗೆ ಬಂದು, ಅಂಗಡಿಯ ಹಿಂದಿನ ಬಾಗಿಲಲ್ಲಿ ಹರಳುಗಟ್ಟಿದ ಒಳ್ಳೆಯ ಜೇನನ್ನು ಒಯ್ಯುತ್ತಿದ್ದರಂತೆ. ಕೊಡುತ್ತಿದ್ದವರು ನಮ್ಮ ಯಜಮಾನರು, ನಾನು ಸುಡುವ ಸಂಗತಿಯೂ ಆಗಲೇ ಅವರಿಗೆ ಗೊತ್ತಾಗಿತ್ತಂತೆ. ಅಕ್ಕನಿಗೆ ಸುದ್ದಿ ಮುಟ್ಟಬಾರದೆಂದು ಇಬ್ಬರೂ ಬಾಯಿ ಬಿಗಿದುಕೊಂಡಿದ್ದರು.

ವೈದ್ಯರು ಹೋದ ಮೇಲೆ ನಾನು ಯಜಮಾನರನ್ನು ಹಿಡಿದು ನಿಲ್ಲಿಸಿದೆ. ಎರಡು ವರ್ಷ ಕದ್ದು ಜೇನು ಸುಟ್ಟದ್ದು, ಪಾತೇಲಿ ತಿಕ್ಕಿದ್ದು, ಬೇಡದ ಹೋಳಿಗೆ ಬಡಿದದ್ದು, ಎಲ್ಲವನ್ನೂ ಎತ್ತಿ ಆಡಿದೆ. ಗೊತ್ತಿದ್ದೂ ಏಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು, "ನೀ ಅಷ್ಟ ಆಸ್ಥೆಲೆ ಸುಡತಿದ್ದಿ. ನಡುವ ಯಾಕ ಬಾಯಿ ಹಾಕೂದು ಅಂದೆ" ಎಂದರು. ಆಮೇಲೆ ಮೆಲ್ಲಗೆ, "ಹೋಳಗಿನೂ ಚಲೋ ಆಗತಿದ್ದೂ" ಎಂದರು. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡರೆ ಅದು ಎಲ್ಲಿಯೂ ಹೋಗಿ ನಾಟುವುದಿಲ್ಲ.

ಮುಂದಿನ ವರ್ಷ ಗಂಗವ್ವ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಪಾರ್ವತವ್ವನವರೂ ಬಂದರು. ಊಟಕ್ಕೆ ಕುಳಿತಾಗ, ವೈದ್ಯರು ಹೇಳಿದಂತೆ ಹದವಾಗಿ, ಕಪ್ಪಾಗದಂತೆ ಸುಟ್ಟ ಜೇನನ್ನು ಅವರ ಚಪಾತಿಗೆ ಬಡಿಸಿದೆ. ಒಂದು ತುತ್ತು ತಿಂದು ನಿಲ್ಲಿಸಿದರು. ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳಿಸದಂತೆ, "ಬೆಲ್ಲಾ ಈ ಸರ್ತಿ ಯಾಕ ಕಡಿಮಿ ಹಾಕೀದಿ?" ಎಂದರು.

ನಾನು ಜೇನಿನ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಹೆದರಬ್ಯಾಡ. ಮೊದಲನೇ ದಿನಾನ ಗೊತ್ತಾಗಿತ್ತ ನನಗ, ಇದು ಬೆಲ್ಲದ ಪಾಕ ಅಂತ. ಆದ್ರ ಕೈ ಚಲೋ ಐತಿ ನಿಂದು. ಇಂಥಾ ಕೈ ಇದ್ದ ಮನಿ ಹುಡಗಿ ಬರಲಿ ಅಂತ ಒಪ್ಪಿಕೊಂಡೆ. ನಮ್ಮ ತಮ್ಮಗ ಇದೆಲ್ಲಾ ತಿಳಿಯೂದಿಲ್ಲ, ಜೇನ ಅಂತ ತಿಳದಾನ ಪಾಪ. ಅವಗ ಹೇಳಬ್ಯಾಡ."

ನಮ್ಮ ಮನೆಯ ಜೇನಿನಲ್ಲಿ ಎಂದೂ ಒಂದು ಚೂರು ಬೆಲ್ಲ ಬಿದ್ದಿಲ್ಲ ಎಂದು ನಾನು ಅಲ್ಲಿಯೇ, ಎಲ್ಲರ ಮುಂದೆ ಹೇಳಬೇಕಾಗಿತ್ತು. ಪುಸ್ತಿಕೆಯನ್ನು ತಂದು ಓದಬೇಕಾಗಿತ್ತು. ಬಾಯಲ್ಲಿ ಬಂದದ್ದು, "ಹೂಂನ್ರಿ ಆಯಿ, ಮುಂದಿನ ಸರ್ತಿ ಸರಿ ಮಾಡತೀನಿ" ಎಂಬ ಮಾತು. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ಅವರು ಇನ್ನೂ ಎರಡು ದಿನ ನಮ್ಮಲ್ಲೇ ಇರುವವರು. ಮರುದಿನ ಜೇನು ಬಿಸಿ ಮಾಡುವಾಗ ಅಂಗಡಿಯಿಂದ ಒಂದು ಬೆಲ್ಲದ ಅಚ್ಚಿನ ಮೂಲೆ ಮುರಿದು ತಂದು ಪಾತೇಲಿಗೆ ಹಾಕಿದೆ. ಅಷ್ಟೂ ವರ್ಷಗಳಲ್ಲಿ ನಮ್ಮ ಜೇನಿಗೆ ಬೆಲ್ಲ ಬಿದ್ದದ್ದು ಅದೊಂದೇ ಸಲ, ಹಾಕಿದವಳು ನಾನೇ. ಪಾರ್ವತವ್ವನವರು ಚಪಾತಿಯನ್ನು ಅದರಲ್ಲಿ ಚೆನ್ನಾಗಿ ಅದ್ದಿ ತಿಂದರು, ಬೆರಳು ನೆಕ್ಕಿದರು, ಮನೆಯವರೆಲ್ಲ ಕೇಳುವಂತೆ ಹೇಳಿದರು, "ಈಗ ಆತ ನೋಡು ಖರೇ ಜೇನು."